ಕಪ್ಪೆ ಚರ್ಮದ ಪೆಪ್ಟೈಡ್‌ಗೆ ಪಾಲಿಮರ್ ಜೋಡಿಸಿದರೆ ಮಾವನವರ ಕಾಲಿನ ಹುಣ್ಣು ವಾಸಿಯಾದೀತೇ?

ಪ್ರಶ್ನೆ: ನಮ್ಮದು ಕುಮಟಾ ತಾಲೂಕು, ಅಘನಾಶಿನಿ ದಂಡೆಯ ಊರು. ಮಾವನವರಿಗೆ 67 ವರ್ಷ. 14 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮೂರು ತಿಂಗಳ ಹಿಂದೆ ಗಜನಿ ಗದ್ದೆಯ (ಹೊಳೆಯ ಉಪ್ಪುನೀರು ನುಗ್ಗುವ ಗದ್ದೆ) ಕಟ್ಟೆ ಕೆಲಸಕ್ಕೆ ಹೋದಾಗ ಅಂಗಾಲಿಗೆ ಚಿಪ್ಪು ತಾಗಿತು. ಅವರಿಗೆ ಗೊತ್ತೇ ಆಗಲಿಲ್ಲ. ಜಗಲಿ ಮೇಲೆ ರಕ್ತದ ಹೆಜ್ಜೆ ನೋಡಿ ನಾನೇ ಹೇಳಿದೆ. ಈಗ ಅದು ಹುಣ್ಣಾಗಿದೆ. ಎರಡು ಕೋರ್ಸ್ ಆಂಟಿಬಯೋಟಿಕ್ ಮುಗಿಯಿತು. ಹುಣ್ಣಿನ ಬ್ಯಾಕ್ಟೀರಿಯಾ ಬೆಳೆಸಿ ನೋಡಿದ ಕಲ್ಚರ್ ರಿಪೋರ್ಟಿನಲ್ಲಿ ಸುಮಾರು ಔಷಧಗಳ ಎದುರು ‘ಆರ್’ ಎಂದು, ಅಂದರೆ ಆ ಔಷಧಕ್ಕೆ ಬ್ಯಾಕ್ಟೀರಿಯಾ ಜಗ್ಗುವುದಿಲ್ಲ ಎಂದು, ಬಂದಿದೆ. ಮುಂದೆ ಬೇಕಾದರೆ ಕೊಲಿಸ್ಟಿನ್ ಇಂಜೆಕ್ಷನ್ ಕೊಡಬಹುದು, ಆದರೆ ಕಿಡ್ನಿಗೆ ತೊಂದರೆ ಆಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಮಗ ಧಾರವಾಡದಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾನೆ. ‘ಕಪ್ಪೆ ಚರ್ಮದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡ್ ಇದೆ, ಅದನ್ನು ಪಾಲಿಮರ್‌ಗೆ ಜೋಡಿಸಿದರೆ ಅಡ್ಡಪರಿಣಾಮ ಇರುವುದಿಲ್ಲವಂತೆ’ ಎನ್ನುತ್ತಾನೆ. ಆನ್‌ಲೈನಿನಲ್ಲಿ ಪೆಪ್ಟೈಡ್ ಕ್ರೀಮ್ ಕೂಡ ಇದೆ. ಪಕ್ಕದ ಮನೆಯವರು ‘ಪಾಲಿಮರ್ ಅಂದ್ರೆ ಪ್ಲಾಸ್ಟಿಕ್, ಮೈಗೆ ಸೇರಿದರೆ ಕ್ಯಾನ್ಸರ್’ ಎಂದು ಹೆದರಿಸಿದ್ದಾರೆ. ಯಾವುದು ನಿಜ? ಇದು ನಮಗೆ ಎಲ್ಲಿ ಸಿಗುತ್ತದೆ? ಅಲ್ಲಿಯವರೆಗೆ ಮನೆಯ ಜೇನುತುಪ್ಪ ಹಚ್ಚಬಹುದಾ?

ಉತ್ತರ: ನಿಮ್ಮ ಪತ್ರ ಓದುವಾಗ ಆ ರಕ್ತದ ಹೆಜ್ಜೆಯ ಹತ್ತಿರ ನಾನು ನಿಂತುಬಿಟ್ಟೆ. ಚಿಪ್ಪು ಅಂಗಾಲು ಸೀಳಿದರೂ ನೋವು ಗೊತ್ತಾಗಲಿಲ್ಲ ಎಂದರೆ, ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಆಗಲೇ ಸಾಕಷ್ಟು ಹಾಳು ಮಾಡಿದೆ ಎಂದರ್ಥ. ಕ್ರೀಮು, ಪೆಪ್ಟೈಡು ಎಲ್ಲಕ್ಕಿಂತ ದೊಡ್ಡ ವಿಷಯ ಅದು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಡಾಕ್ಟರಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಕೆಲಸ ಪಾಲಿಮರ್ ರಸಾಯನಶಾಸ್ತ್ರ. ಕಾರವಾರದಲ್ಲಿ ಪದವಿ ಮುಗಿಸಿ ಬೆಂಗಳೂರಿಗೆ ಹೋದವನು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಔಷಧವನ್ನು ಪಾಲಿಮರ್‌ಗೆ ಜೋಡಿಸುವ ಕೆಲಸವನ್ನೇ ಮಾಡಿದ್ದೇನೆ. ಅದರಲ್ಲಿ ಬಹಳ ವರ್ಷ ಹೋಗಿದ್ದು ಇದೇ ಪೆಪ್ಟೈಡ್‌ಗಳಿಗೆ. ಕಾಲಿನ ಆರೈಕೆಯ ಬಗ್ಗೆ ಇಲ್ಲಿ ಹೇಳುವುದು, ಜೊತೆಗೆ ಕೆಲಸ ಮಾಡಿದ ಶಸ್ತ್ರವೈದ್ಯರಿಂದ ಕಲಿತದ್ದು.

ನಿಮ್ಮ ಮಗ ಹೇಳಿದ್ದು ಕಟ್ಟುಕತೆಯಲ್ಲ. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳೆಂಬ ಚಿಕ್ಕ ಅಣುಗಳು ಸಾಲಾಗಿ ಸೇರಿ ಆದ, ಪ್ರೋಟೀನಿಗಿಂತ ಚಿಕ್ಕ ಸರ. 1987ರಲ್ಲಿ ಅಮೆರಿಕದ ಮೈಕೆಲ್ ಝಾಸ್ಲಾಫ್ ಎಂಬ ವಿಜ್ಞಾನಿ ಆಫ್ರಿಕಾದ ಒಂದು ಜಾತಿಯ ಕಪ್ಪೆಗಳ ಚರ್ಮದಿಂದ ‘ಮ್ಯಾಗೈನಿನ್’ ಎಂಬ ಪೆಪ್ಟೈಡ್ ಬೇರ್ಪಡಿಸಿದರು. ಪ್ರಯೋಗಕ್ಕಾಗಿ ಹೊಟ್ಟೆ ಕೊಯ್ದು ಹೊಲಿದ ಕಪ್ಪೆಗಳನ್ನು ಅವರು ಗಲೀಜು ನೀರಿನ ತೊಟ್ಟಿಗೇ ವಾಪಸು ಬಿಡುತ್ತಿದ್ದರು. ಆ ನೀರಿನಲ್ಲಿ ಗಾಯ ಕೊಳೆಯಬೇಕಿತ್ತು. ಕೀವಾಗದೆ ವಾಸಿಯಾಗುತ್ತಿತ್ತು. ಯಾಕೆ ಎಂದು ಹುಡುಕಿದಾಗ ಸಿಕ್ಕಿದ್ದು 23 ಅಮೈನೋ ಆಮ್ಲಗಳ ಚಿಕ್ಕ ಸರ. ‘ಗುರಾಣಿ’ ಎಂಬ ಅರ್ಥದ ಹೀಬ್ರೂ ಪದದಿಂದ ಅದಕ್ಕೆ ಹೆಸರಿಟ್ಟರು. ಅದಕ್ಕೂ ಮೊದಲೇ, 1981ರಲ್ಲಿ, ಸ್ವೀಡನ್ನಿನ ಹ್ಯಾನ್ಸ್ ಬೊಮನ್ ಅವರ ತಂಡ ಒಂದು ದೊಡ್ಡ ಪತಂಗದ ಪ್ಯೂಪಾದಲ್ಲಿ (ರೆಕ್ಕೆ ಬರುವ ಮೊದಲಿನ ಹಂತ) ಇಂಥದ್ದೇ ಪೆಪ್ಟೈಡ್ ಕಂಡಿತ್ತು. ನಮ್ಮ ಮೈಯಲ್ಲೂ ಇವು ಇವೆ. 37 ಅಮೈನೋ ಆಮ್ಲಗಳ ಒಂದು ಪೆಪ್ಟೈಡ್ ನಮ್ಮ ಚರ್ಮದಲ್ಲಿ, ಬಿಳಿ ರಕ್ತಕಣಗಳಲ್ಲಿ ಸದಾ ಕಾವಲಿದೆ. ಸಿಗಡಿಗೂ ತನ್ನದೇ ಪೆಪ್ಟೈಡ್‌ಗಳಿವೆ. ನಿಮ್ಮ ಗಜನಿಯ ಕೆಸರಿನಲ್ಲಿ ಅದು ಬದುಕಿ ಉಳಿಯುವುದರಲ್ಲಿ ಅವುಗಳ ಪಾಲೂ ಇದೆ.

ಇವು ಬ್ಯಾಕ್ಟೀರಿಯಾವನ್ನು ಹೇಗೆ ಕೊಲ್ಲುತ್ತವೆ? ಪ್ರತಿ ಜೀವಕೋಶಕ್ಕೂ ಒಂದು ತೆಳು ಎಣ್ಣೆಯ ಪೊರೆ ಇರುತ್ತದೆ. ಬ್ಯಾಕ್ಟೀರಿಯಾದ ಪೊರೆಯ ಹೊರಮೈಗೆ ಮೈನಸ್ ಚಾರ್ಜ್ ಜಾಸ್ತಿ. ಪೆಪ್ಟೈಡ್‌ಗೆ ಪ್ಲಸ್ ಚಾರ್ಜ್. ಹಾಗಾಗಿ ಹೋಗಿ ಅಂಟಿಕೊಳ್ಳುತ್ತದೆ. ಪೆಪ್ಟೈಡ್‌ನ ಒಂದು ಮಗ್ಗುಲು ನೀರಿಗೆ ಒಗ್ಗುತ್ತದೆ, ಇನ್ನೊಂದು ಮಗ್ಗುಲು ಎಣ್ಣೆಗೆ. ಅಂಟಿದ ಮೇಲೆ ಆ ಎಣ್ಣೆಯ ಮಗ್ಗುಲು ಪೊರೆಯೊಳಗೆ ನುಗ್ಗುತ್ತದೆ. ಹತ್ತಾರು ಸೇರಿ ನುಗ್ಗಿದಾಗ ಪೊರೆಗೆ ತೂತು ಬೀಳುತ್ತದೆ. ಒಳಗಿನದೆಲ್ಲ ಸೋರಿ ಬ್ಯಾಕ್ಟೀರಿಯಾ ಸಾಯುತ್ತದೆ, ಹಲವು ಸಲ ಕೆಲವೇ ನಿಮಿಷಗಳಲ್ಲಿ. ನಮ್ಮ ಜೀವಕೋಶದ ಹೊರಮೈಗೆ ಹೆಚ್ಚುಕಡಿಮೆ ಚಾರ್ಜೇ ಇಲ್ಲ. ಜೊತೆಗೆ ಕೊಲೆಸ್ಟರಾಲ್ ಸೇರಿ ಪೊರೆ ಗಟ್ಟಿಯಾಗಿದೆ. ಅದಕ್ಕೇ ಪೆಪ್ಟೈಡ್ ನಮ್ಮನ್ನು ಬಿಟ್ಟು ಬ್ಯಾಕ್ಟೀರಿಯಾವನ್ನು ಹಿಡಿಯುತ್ತದೆ.

ಆದರೆ ಈ ಬಿಡುವಿಕೆ ಪೂರ್ತಿಯಲ್ಲ. ತೊಂದರೆ ಶುರುವಾಗುವುದೇ ಇಲ್ಲಿ. ನಮ್ಮ ಲ್ಯಾಬಿನಲ್ಲಿ ದಿನಾ ಮಾಡುತ್ತಿದ್ದ ಒಂದು ಪರೀಕ್ಷೆ ಹೇಳಿದರೆ ನಿಮಗೆ ಕಣ್ಣಿಗೆ ಕಟ್ಟಿದ ಹಾಗೆ ಅರ್ಥವಾಗುತ್ತದೆ.

ರಕ್ತದಿಂದ ಕೆಂಪು ಕಣಗಳನ್ನು ಬೇರೆ ಮಾಡಿ ತೊಳೆಯುತ್ತೇವೆ. ಕಿರುಬೆರಳಿಗಿಂತ ಚಿಕ್ಕ ಟ್ಯೂಬುಗಳಲ್ಲಿ ಹಾಕಿ, ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣದ ಪೆಪ್ಟೈಡ್ ಸೇರಿಸಿ, ಒಂದು ತಾಸು ಮೈಬಿಸಿಯಲ್ಲಿ ಇಡುತ್ತೇವೆ. ಆಮೇಲೆ ಯಂತ್ರದಲ್ಲಿ ಗರಗರ ತಿರುಗಿಸುತ್ತೇವೆ. ಕಣಗಳು ಒಡೆಯದೆ ಉಳಿದಿದ್ದರೆ ಟ್ಯೂಬಿನ ತಳದಲ್ಲಿ ಕುಂಕುಮದ ಬೊಟ್ಟಿನ ಹಾಗೆ ಕೂರುತ್ತವೆ, ಮೇಲಿನ ನೀರು ತಿಳಿಯಾಗಿರುತ್ತದೆ. ಒಡೆದಿದ್ದರೆ ತಳದಲ್ಲಿ ಬೊಟ್ಟಿಲ್ಲ. ಮೇಲಿನ ನೀರೆಲ್ಲ ಮುರುಗಲು ಹಣ್ಣಿನ ಪಾನಕದ ಬಣ್ಣ. ನಾನು ಮೊದಲ ಸಲ ಈ ಪರೀಕ್ಷೆ ಮಾಡಿದ್ದು ಬಹಳ ನಂಬಿಕೆಯಿಟ್ಟಿದ್ದ ಒಂದು ಪೆಪ್ಟೈಡ್ ಮೇಲೆ. ಹಿಂದಿನ ದಿನವಷ್ಟೇ ಅದು ಕೀವಿನ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಕೊಂದಿತ್ತು. ಬೆಳಿಗ್ಗೆ ಟ್ಯೂಬುಗಳ ಸಾಲು ಹೊರತೆಗೆದರೆ ಎಂಟರಲ್ಲಿ ಐದು ಪಾನಕವಾಗಿದ್ದವು. ಔಷಧಕ್ಕೆ ಬೇಕಾಗುವ ಪ್ರಮಾಣದಲ್ಲೇ ಅದು ರಕ್ತಕಣವನ್ನೂ ಒಡೆಯುತ್ತಿತ್ತು. ಆ ಸಾಲನ್ನು ನಾನು ಇವತ್ತಿಗೂ ಮರೆತಿಲ್ಲ.

‘ಪ್ರಕೃತಿಯಲ್ಲಿ ಸಿಕ್ಕಿದ್ದು, ಹಾಗಾಗಿ ಅಪಾಯವಿಲ್ಲ’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ ಅಲ್ವಾ? ಜೇನುಹುಳದ ವಿಷದಲ್ಲಿರುವ ಮುಖ್ಯ ವಸ್ತುವೂ ಒಂದು ಪೆಪ್ಟೈಡೇ, 26 ಅಮೈನೋ ಆಮ್ಲಗಳದ್ದು. ಬ್ಯಾಕ್ಟೀರಿಯಾವನ್ನು ಸೊಗಸಾಗಿ ಕೊಲ್ಲುತ್ತದೆ. ರಕ್ತಕಣವನ್ನೂ ಅಷ್ಟೇ ಸಲೀಸಾಗಿ ಒಡೆಯುತ್ತದೆ. ಇನ್ನೊಂದು ಉದಾಹರಣೆ ನಮ್ಮ ಪಶ್ಚಿಮ ಘಟ್ಟದ್ದೇ. ಇಲ್ಲಿನ ಒಂದು ಕಪ್ಪೆಯ ಪೆಪ್ಟೈಡ್‌ಗಳನ್ನು ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರ ಮತ್ತು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು ಜ್ವರದ ಫ್ಲೂ ವೈರಸ್ ಮೇಲೆ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. 32 ಪೆಪ್ಟೈಡ್ ನೋಡಿದರು. ನಾಲ್ಕು ಕೆಲಸ ಮಾಡಿದವು. ಆ ನಾಲ್ಕರಲ್ಲಿ ಮೂರು ಮನುಷ್ಯರ ರಕ್ತಕಣಕ್ಕೆ ವಿಷವಾದವು. ಉಳಿದ ಒಂದಕ್ಕೆ ಕೇರಳದ ಬಳುಕುವ ಕತ್ತಿಯ ಹೆಸರಿನಿಂದ ‘ಉರುಮಿನ್’ ಎಂದು ಹೆಸರಿಟ್ಟರು. ಈ ಕೆಲಸದಲ್ಲಿ ಕೊಲ್ಲುವುದನ್ನು ಹುಡುಕುವುದು ಸುಲಭ, ಕೊಲ್ಲದೆ ಬಿಡುವುದನ್ನು ಹುಡುಕುವುದು ಕಷ್ಟ.

ಇನ್ನೂ ಮೂರು ತೊಡಕುಗಳಿವೆ. ಕೀವು ತುಂಬಿದ ಗಾಯದಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳು ತುಂಬಿರುತ್ತವೆ. ಅವು ಪೆಪ್ಟೈಡನ್ನೂ ಕತ್ತರಿಸಿ ಹಾಕುತ್ತವೆ. ರಕ್ತಕ್ಕೆ ಬಿಟ್ಟರೆ ಚಿಕ್ಕ ಸರವಾದ್ದರಿಂದ ಕಿಡ್ನಿ ಬೇಗ ಸೋಸಿ ಹೊರಹಾಕುತ್ತದೆ. ಮತ್ತೆ ಉಪ್ಪು. ಪ್ಲಸ್ಸು ಮೈನಸ್ಸಿನ ಸೆಳೆತಕ್ಕೆ ಉಪ್ಪು ಅಡ್ಡ ಬರುತ್ತದೆ. ಹಾಗಾಗಿ ಲ್ಯಾಬಿನ ತಿಳಿನೀರಿನಲ್ಲಿ ಹುಲಿಯಾಗಿದ್ದ ಎಷ್ಟೋ ಪೆಪ್ಟೈಡ್, ಮೈಯ ಉಪ್ಪುನೀರಿನಲ್ಲಿ ಸುಮ್ನೆ ಕೂತುಬಿಡುತ್ತದೆ.

ಪಾಲಿಮರ್ ಜೋಡಿಸುವ ಯೋಚನೆ ಬಂದಿದ್ದು ಇಂಥ ತೊಡಕುಗಳಿಂದ. ನಿಮ್ಮ ಪಕ್ಕದ ಮನೆಯವರ ಹೆದರಿಕೆಗೂ ಇಲ್ಲೇ ಉತ್ತರ ಕೊಡುತ್ತೇನೆ. ಪಾಲಿಮರ್ ಎಂದರೆ ಒಂದೇ ಥರದ ಚಿಕ್ಕ ಅಣುಗಳು ಸಾಲಾಗಿ ಸೇರಿ ಆದ ಉದ್ದ ಸರ, ಅಷ್ಟೇ. ಪ್ಲಾಸ್ಟಿಕ್ ಚೀಲ ಒಂದು ಪಾಲಿಮರ್. ಅನ್ನದ ಗಂಜಿಯಲ್ಲಿರುವ ಪಿಷ್ಟವೂ ಪಾಲಿಮರ್. ಹತ್ತಿಯೂ ಪಾಲಿಮರ್. ಸಿಗಡಿ ಸಿಪ್ಪೆಯಿಂದ ತೆಗೆಯುವ ಕೈಟೊಸಾನ್ ಕೂಡ ಪಾಲಿಮರ್, ರಕ್ತ ನಿಲ್ಲಿಸುವ ಪಟ್ಟಿಗಳಲ್ಲಿ ಅದನ್ನು ಬಳಸುತ್ತಾರೆ. ಔಷಧಕ್ಕೆ ಜೋಡಿಸಲು ಹೆಚ್ಚು ಬಳಸಿದ್ದು ಪಾಲಿಎಥಿಲೀನ್ ಗ್ಲೈಕಾಲ್. ಮಲಬದ್ಧತೆಗೆ ನೀರಿನಲ್ಲಿ ಕದಡಿ ಕುಡಿಯುವ ಪುಡಿ ಇದೆಯಲ್ಲ, ಅದೇ ವಸ್ತು. ಇದನ್ನು ಜೋಡಿಸಿದ ಮೊದಲ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1990ರಲ್ಲಿ. ಕಾಮಾಲೆಗೆ ಕಾರಣವಾಗುವ ಹೆಪಟೈಟಿಸ್ ವೈರಸ್‌ಗೆ ಕೊಡುತ್ತಿದ್ದ ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್, ಕೀಮೋ ಆದವರಿಗೆ ಬಿಳಿಕಣ ಏರಿಸಲು ಕೊಡುವ ಇಂಜೆಕ್ಷನ್, ಇವುಗಳಲ್ಲೂ ಇದೇ ಜೋಡಣೆ. ಹಾಗಾಗಿ ‘ಪಾಲಿಮರ್ ಅಂದ್ರೆ ಕ್ಯಾನ್ಸರ್’ ಎಂಬುದು ತಪ್ಪು. ಹಾಗಂತ ಏನೂ ತೊಂದರೆ ಇಲ್ಲವೆಂದೂ ಅಲ್ಲ. ಕೆಲವರ ಮೈ ಈ ಗ್ಲೈಕಾಲ್ ವಿರುದ್ಧವೇ ಪ್ರತಿಕಾಯ ಹುಟ್ಟಿಸಿಕೊಳ್ಳುತ್ತದೆ. ಅಪರೂಪಕ್ಕೆ ಜೋರು ಅಲರ್ಜಿ ಆಗುತ್ತದೆ. ಉದ್ದದ ಸರಗಳು ಮೈಯೊಳಗೆ ಸುಲಭವಾಗಿ ಒಡೆದು ಚೂರಾಗುವುದೂ ಇಲ್ಲ.

ಪೆಪ್ಟೈಡ್‌ಗೆ ಇದನ್ನು ಜೋಡಿಸಿದಾಗ ಏನಾಗುತ್ತದೆ? ಪಾಲಿಮರ್ ಸರ ನೀರು ಕುಡಿದು ಉಬ್ಬಿ, ಪೆಪ್ಟೈಡ್ ಸುತ್ತ ಒಂದು ಮೆತ್ತನೆಯ ಮೋಡದ ಹಾಗೆ ನಿಲ್ಲುತ್ತದೆ. ಕತ್ತರಿಸುವ ಕಿಣ್ವ ಹತ್ತಿರ ಬರಲಾರದು. ಗಾತ್ರ ದೊಡ್ಡದಾದ್ದರಿಂದ ಕಿಡ್ನಿಯ ಜರಡಿಯಲ್ಲಿ ಬೇಗ ಸೋರದು. ರಕ್ತಕಣಕ್ಕೆ ಅಂಟುವುದೂ ಕಡಿಮೆಯಾಗುತ್ತದೆ. ಆ ಟ್ಯೂಬುಗಳ ಸಾಲಿನಲ್ಲಿ ಮತ್ತೆ ತಿಳಿನೀರು, ತಳದಲ್ಲಿ ಕೆಂಪು ಬೊಟ್ಟು. ನಮ್ಮ ಲ್ಯಾಬಿನಲ್ಲಿ ಮೊದಲ ಸಲ ಹಾಗೆ ಕಂಡಾಗ ನಾವೆಲ್ಲ ಕೂಗಿಕೊಂಡಿದ್ದೆವು. ಮಾರನೇ ದಿನ ಬ್ಯಾಕ್ಟೀರಿಯಾ ಪರೀಕ್ಷೆಯ ತಟ್ಟೆ ತೆಗೆದು ನೋಡಿದರೆ ಗುಳಿಗಳಲ್ಲೆಲ್ಲ ಮಬ್ಬು. ಬ್ಯಾಕ್ಟೀರಿಯಾ ಹಾಯಾಗಿ ಬೆಳೆದಿತ್ತು. ರಕ್ತಕಣವನ್ನು ಕಾಪಾಡಿದ ಮೋಡವೇ ಬ್ಯಾಕ್ಟೀರಿಯಾವನ್ನೂ ಕಾಪಾಡಿತ್ತು.

ನಿಮ್ಮ ಮಗನಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇದು. ಪಾಲಿಮರ್ ಜೋಡಣೆ ಒಂದು ವ್ಯಾಪಾರ. ಕೊಲ್ಲುವ ಬಲದಲ್ಲಿ ಒಂದಷ್ಟು ಕೊಟ್ಟು ಸುರಕ್ಷತೆ ಕೊಳ್ಳುತ್ತೇವೆ. ಕೊಟ್ಟದ್ದಕ್ಕಿಂತ ಪಡೆದದ್ದು ಜಾಸ್ತಿಯಾದರೆ ಮಾತ್ರ ಲಾಭ. ಒಂದು ಲೆಕ್ಕ ಹಿಡಿಯಿರಿ. ಬರೀ ಪೆಪ್ಟೈಡ್ 4 ಪಾಲಿಗೆ ಬ್ಯಾಕ್ಟೀರಿಯಾ ನಿಲ್ಲಿಸುತ್ತದೆ, 50 ಪಾಲಿಗೆ ಅರ್ಧ ರಕ್ತಕಣ ಒಡೆಯುತ್ತದೆ ಎನ್ನೋಣ. ನಡುವಿನ ಅಂತರ ಹನ್ನೆರಡೂವರೆ ಪಟ್ಟು. ಜೋಡಿಸಿದ ಮೇಲೆ ಬ್ಯಾಕ್ಟೀರಿಯಾಕ್ಕೆ 32 ಪಾಲು ಬೇಕಾಯಿತು, ರಕ್ತಕಣ ಒಡೆಯಲು 1000 ಬೇಕಾಯಿತು ಎಂದರೆ ಅಂತರ ಮೂವತ್ತೊಂದು ಪಟ್ಟು ದಾಟಿತು. ಔಷಧದ ಬಲ ಎಂಟರಲ್ಲಿ ಒಂದು ಪಾಲಿಗೆ ಇಳಿದರೂ ಇದು ಗೆಲುವು. ಅದೇ ಬ್ಯಾಕ್ಟೀರಿಯಾಕ್ಕೆ 128 ಬೇಕಾಯಿತು ಎಂದರೆ ಅಂತರ ಸುಮಾರು ಎಂಟು ಪಟ್ಟಿಗೆ ಇಳಿಯಿತು, ಸೋಲು. ‘ಅಡ್ಡಪರಿಣಾಮ ಇರುವುದಿಲ್ಲವಂತೆ’ ಎಂದು ಯಾರಾದರೂ ಹೇಳಿದರೆ, ಎಷ್ಟು ಬಲ ಬಿಟ್ಟುಕೊಟ್ಟಿರಿ ಎಂದು ತಿರುಗಿ ಕೇಳಬೇಕು.

ಈ ವ್ಯಾಪಾರದಲ್ಲಿ ನಷ್ಟ ಕಡಿಮೆ ಮಾಡಲು ಎರಡು ದಾರಿಗಳಲ್ಲಿ ಜಾಸ್ತಿ ಕೆಲಸ ನಡೆದಿದೆ. ಒಂದು, ಕವಲೊಡೆದ ಪಾಲಿಮರ್‌ಗೆ ಹಲವು ಪೆಪ್ಟೈಡ್ ಕೂರಿಸುವುದು. ಒಂದೇ ಕೊಂಬೆಗೆ ಹಲವು ಮುಳ್ಳಿದ್ದ ಹಾಗೆ, ಪೊರೆಗೆ ತಾಗಿದಾಗ ಒಟ್ಟಿಗೇ ತಾಗುತ್ತವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆಸ್ಟ್ರೇಲಿಯಾದ ಕಪ್ಪೆಯ ಒಂದು ಪೆಪ್ಟೈಡನ್ನು ಹೀಗೆ ಪಾಲಿಗ್ಲಿಸರಾಲ್ ಎಂಬ ಪಾಲಿಮರ್‌ಗೆ ಜೋಡಿಸಿ ನೋಡಿದ್ದಾರೆ. ನಮ್ಮ ಜೀವಕೋಶಗಳಿಗೆ ಹಾನಿ ಕಡಿಮೆಯಾಯಿತು, ಕೊಲ್ಲುವ ಬಲವೂ ಸ್ವಲ್ಪ ಕುಗ್ಗಿತು. ಎಷ್ಟು ಮುಳ್ಳು, ಎಷ್ಟು ದಟ್ಟ ಎಂಬುದರ ಮೇಲೆ ಎಲ್ಲ ನಿಂತಿದೆ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಪೆಪ್ಟೈಡ್ ಮತ್ತು ಪಾಲಿಮರ್ ನಡುವೆ ಕಳಚಿಕೊಳ್ಳುವ ಕೊಂಡಿ ಇಡುವುದು, ಅಥವಾ ಪಾಲಿಮರ್ ತಾನೇ ಸೋಂಕಿನ ಜಾಗದಲ್ಲಿ ಕರಗುವ ಹಾಗೆ ಮಾಡುವುದು. ಒಂದು ತುತ್ತು ಕುಚ್ಚಲಕ್ಕಿ ಅನ್ನವನ್ನು ನುಂಗದೆ ಎರಡು ಮೂರು ನಿಮಿಷ ಅಗಿದು ನೋಡಿ. ನಿಧಾನಕ್ಕೆ ಸಿಹಿಯಾಗುತ್ತದೆ. ಜೊಲ್ಲಿನ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಉದ್ದ ಸರವನ್ನು ಕಡಿದು ಸಕ್ಕರೆ ಮಾಡುತ್ತದೆ. ವೇಲ್ಸ್‌ನ ಕಾರ್ಡಿಫ್ ವಿಶ್ವವಿದ್ಯಾಲಯದವರು ಇದನ್ನೇ ಉಪಯೋಗಿಸಿದರು. ಪಿಷ್ಟದಿಂದ ಮಾಡುವ ಡೆಕ್ಸ್‌ಟ್ರಿನ್‌ನಲ್ಲಿ ಔಷಧವನ್ನು ಮುಚ್ಚಿಟ್ಟರು. ಅಮೈಲೇಸ್ ಸಿಕ್ಕಾಗ ಡೆಕ್ಸ್‌ಟ್ರಿನ್ ಕರಗಿ ಔಷಧ ಬಿಚ್ಚಿಕೊಳ್ಳುತ್ತದೆ. ಇಲಿಗಳಲ್ಲಿ ಅದು ಬರೀ ಔಷಧಕ್ಕಿಂತ ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯಿತು.

ಅವರು ಮುಚ್ಚಿಟ್ಟ ಔಷಧ ಯಾವುದು ಗೊತ್ತಾ? ಕೊಲಿಸ್ಟಿನ್. ನಿಮ್ಮ ಡಾಕ್ಟರು ಹೇಳಿದ್ದೇ. ಕೊಲಿಸ್ಟಿನ್ ಕೂಡ ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡ್ ಕುಟುಂಬದ್ದೇ, ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಬಂದದ್ದು. ಈ ಕುಟುಂಬವನ್ನು ಕಂಡುಹಿಡಿದದ್ದು 1947ರಲ್ಲಿ. ಕಿಡ್ನಿಗೆ ಹಾನಿ ಎಂದು 1970ರ ದಶಕದಲ್ಲಿ ಹೆಚ್ಚುಕಡಿಮೆ ಮೂಲೆಗೆ ಸರಿಸಿದ್ದರು. ಬೇರೆ ಔಷಧಗಳೆಲ್ಲ ಸೋಲತೊಡಗಿದಾಗ ಕೊನೆಯ ಅಸ್ತ್ರವಾಗಿ ಮತ್ತೆ ಹೊರತೆಗೆದರು. ಅಂದರೆ ನಿಮ್ಮ ಮಗ ಹೇಳುವ ‘ಸುರಕ್ಷಿತ ಪೆಪ್ಟೈಡ್’ ಯಾಕೆ ಬೇಕು ಎಂಬುದಕ್ಕೆ ಕಾರಣ ನಿಮ್ಮ ಮಾವನವರ ಕೇಸ್ ಪೇಪರಿನಲ್ಲೇ ಇದೆ. ಒಂದು ವಿನಂತಿ: ಡಾಕ್ಟರು ಬೇಕೇ ಬೇಕು ಎಂದರೆ ಕೊಲಿಸ್ಟಿನ್ ಬೇಡ ಎನ್ನಬೇಡಿ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ನೋಡುತ್ತಾ ಕೊಡುತ್ತಾರೆ. ಕಿಡ್ನಿಗೆ ತೊಂದರೆಯಾದರೂ ಹೆಚ್ಚಿನವರಲ್ಲಿ ಔಷಧ ನಿಲ್ಲಿಸಿದ ಮೇಲೆ ಸುಧಾರಿಸುತ್ತದೆ. ಕೀವು ರಕ್ತಕ್ಕೆ ಏರಿದರೆ ಅಷ್ಟು ಸಮಯ ಕೊಡುವುದಿಲ್ಲ.

‘ಪೆಪ್ಟೈಡ್‌ಗೆ ಬ್ಯಾಕ್ಟೀರಿಯಾ ಎಂದೂ ಒಗ್ಗಿಕೊಳ್ಳುವುದಿಲ್ಲ’ ಎಂದು ಕೂಡ ಕೆಲವರು ಬರೆಯುತ್ತಾರೆ. ಅದೂ ನಿಜವಲ್ಲ. ಬ್ಯಾಕ್ಟೀರಿಯಾ ತನ್ನ ಹೊರಮೈಯ ಮೈನಸ್ ಚಾರ್ಜನ್ನು ಕಡಿಮೆ ಮಾಡಿಕೊಂಡರೆ ಸಾಕು, ಪೆಪ್ಟೈಡ್‌ಗೆ ಹಿಡಿತ ಸಿಗುವುದಿಲ್ಲ. ಹಾಗೆ ಮಾಡಿಸುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್ ಒಂದನ್ನು 2015ರಲ್ಲಿ ಚೀನಾದಲ್ಲಿ ಗುರುತಿಸಿದರು. ಅಲ್ಲಿ ಹಂದಿಗಳಿಗೆ ಕೊಲಿಸ್ಟಿನ್ ಹೇರಳವಾಗಿ ತಿನ್ನಿಸುತ್ತಿದ್ದರು. ನಮ್ಮ ದೇಶದಲ್ಲಿ ಕೋಳಿ, ಜಾನುವಾರು, ಮೀನು-ಸಿಗಡಿ ಸಾಕಣೆಗೆ ಕೊಲಿಸ್ಟಿನ್ ಬಳಸುವುದನ್ನು 2019ರಲ್ಲಿ ನಿಷೇಧಿಸಿದರು. ನಿಮ್ಮ ಊರಿನ ಸುತ್ತ ಸಿಗಡಿ ಕೆರೆಗಳಿವೆ. ಕೆರೆಯವರಿಗೆ ಯಾರಾದರೂ ‘ರೋಗಕ್ಕೆ ಪುಡಿ’ ಎಂದು ಮಾರಲು ಬಂದರೆ ಪೊಟ್ಟಣದ ಮೇಲಿನ ಹೆಸರು ಓದಲು ಹೇಳಿ. ನಿಮ್ಮ ಮಾವನವರ ಕೊನೆಯ ಔಷಧ ಆ ಕೆರೆಯ ನೀರಿಗೆ ಹೋಗಬಾರದು.

ಈಗ ‘ಎಲ್ಲಿ ಸಿಗುತ್ತದೆ’ ಎಂಬ ಪ್ರಶ್ನೆ. ನೇರವಾಗಿ ಹೇಳುತ್ತೇನೆ, ನೋವಾದರೂ ಸರಿ. ಪಾಲಿಮರ್‌ಗೆ ಜೋಡಿಸಿದ ಇಂಥ ಪೆಪ್ಟೈಡ್ ಮಾವನವರ ಕಾಲಿಗೆ ಹಚ್ಚಲು ಇವತ್ತು ಔಷಧ ಅಂಗಡಿಯಲ್ಲಿ ಇಲ್ಲ. ಕುಮಟಾದಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಕಪ್ಪೆಯ ಮ್ಯಾಗೈನಿನ್‌ನಿಂದ ಮಾಡಿದ ಪೆಕ್ಸಿಗನಾನ್ ಎಂಬ ಕ್ರೀಮನ್ನು ಇದೇ ಕಾಯಿಲೆಗೆ, ಸಕ್ಕರೆ ಕಾಯಿಲೆಯವರ ಕಾಲಿನ ಸೋಂಕು ಹುಣ್ಣಿಗೆ, ಪರೀಕ್ಷಿಸಿದ್ದರು. 800ಕ್ಕೂ ಹೆಚ್ಚು ರೋಗಿಗಳಲ್ಲಿ ನುಂಗುವ ಒಂದು ಆಂಟಿಬಯೋಟಿಕ್ ಜೊತೆ ಹೋಲಿಸಿದರು. ಫಲಿತಾಂಶ ಹತ್ತಿರ ಹತ್ತಿರವೇ ಬಂತು. ಅಷ್ಟು ಸಾಲದು ಎಂದು 1999ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಡಲಿಲ್ಲ. ಮತ್ತೆ ಪ್ರಯತ್ನಿಸಿದರು. 2016ರಲ್ಲಿ ಹೊರಬಂದ ಫಲಿತಾಂಶದಲ್ಲಿ ಅದು ಔಷಧವಿಲ್ಲದ ಬರೀ ಕ್ರೀಮಿಗಿಂತ ಮೇಲಾಗಲಿಲ್ಲ. ಮೂವತ್ತು ವರ್ಷದ ದುಡಿಮೆ ಅದು. ನನ್ನ ಅಭಿಪ್ರಾಯದಲ್ಲಿ ಆ ಸೋಲಿಗೆ ಪೆಪ್ಟೈಡ್ ಒಂದೇ ಕಾರಣವಲ್ಲ. ಇಂಥ ಹುಣ್ಣಿನಲ್ಲಿ ಬ್ಯಾಕ್ಟೀರಿಯಾ ಅರ್ಧ ಕತೆ ಮಾತ್ರ.

ಆನ್‌ಲೈನಿನ ‘ಪೆಪ್ಟೈಡ್ ಕ್ರೀಮ್’ ಮುಖದ ಸುಕ್ಕಿಗೆ ಮಾರುವ ಸೌಂದರ್ಯವರ್ಧಕ. ಅದರ ಪೆಪ್ಟೈಡ್ ಬೇರೆ, ಕೆಲಸ ಬೇರೆ. ತೆರೆದ ಹುಣ್ಣಿಗೆ ಹಚ್ಚಲೇಬೇಡಿ. ‘ಸಂಶೋಧನೆಗೆ ಮಾತ್ರ’ ಎಂದು ಬರೆದು ಸೀಸೆಯಲ್ಲಿ ಮಾರುವ ಬಿಳಿ ಪುಡಿಗಳೂ ಇವೆ. ಒಣಗಿಸಿದ ಪೆಪ್ಟೈಡ್ ನೋಡಲು ಬೂರುಗದ ಹತ್ತಿಯ ಎಳೆಯ ಹಾಗೆ ಚೆಂದ ಇರುತ್ತದೆ. ಅದರೊಳಗೆ ಏನಿದೆ, ಎಷ್ಟು ಶುದ್ಧ ಎಂದು ಕಣ್ಣಿಗೆ ತಿಳಿಯುವುದಿಲ್ಲ. ನಾವು ನಮ್ಮದೇ ಕೈಯಿಂದ ಮಾಡಿದ್ದನ್ನೂ ಯಂತ್ರದಲ್ಲಿ ಪರೀಕ್ಷಿಸದೆ ನಂಬುತ್ತಿರಲಿಲ್ಲ.

ಜೇನಿನ ವಿಚಾರ. ಜೇನಿಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಇರುವುದು ನಿಜ. ಸಕ್ಕರೆಯ ದಟ್ಟಣೆ, ಹುಳಿ, ಹೈಡ್ರೋಜನ್ ಪೆರಾಕ್ಸೈಡ್ ಎಲ್ಲ ಸೇರಿ ಆಗುವುದು. ಹುಳದ ಮೈಯಿಂದ ಬರುವ ಒಂದು ಪೆಪ್ಟೈಡ್ ಕೂಡ ಅದರಲ್ಲಿದೆ. ಆದರೆ ಆಸ್ಪತ್ರೆಯ ಜೇನು ಗಾಮಾ ಕಿರಣದಿಂದ ಶುದ್ಧ ಮಾಡಿದ್ದು. ಸಿರ್ಸಿಯ ತುಡುವೆ ಜೇನು ಎಷ್ಟೇ ಅಪ್ಪಟವಾಗಿರಲಿ, ಅದರಲ್ಲಿ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಆಳದ ಹುಣ್ಣಿಗೆ ಅದು ಬೇಡ. ಸುಣ್ಣ, ಅರಿಶಿನ, ಸೊಪ್ಪಿನ ರಸವೂ ಬೇಡ. ನೋವೇ ಗೊತ್ತಾಗದ ಕಾಲು ಸುಟ್ಟರೂ ಹೇಳುವುದಿಲ್ಲ.

ಹಾಗಾದರೆ ಈಗ ಏನು ಮಾಡುವುದು? ಈ ಹುಣ್ಣು ಒಣಗದಿರಲು ಸಾಮಾನ್ಯವಾಗಿ ಇರುವ ಕಾರಣಗಳನ್ನು ಡಾಕ್ಟರ ಹತ್ತಿರ ಒಂದೊಂದಾಗಿ ಕೇಳಿ. ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆಯೇ? ಪಾದದ ನಾಡಿ ನೋಡಿ, ಬೇಕಾದರೆ ಡಾಪ್ಲರ್ ಮಾಡುತ್ತಾರೆ. ರಕ್ತವೇ ಹೋಗದ ಜಾಗಕ್ಕೆ ಆಂಟಿಬಯೋಟಿಕ್ ಕೂಡ ಹೋಗುವುದಿಲ್ಲ. ಸೋಂಕು ಮೂಳೆಗೆ ಇಳಿದಿದೆಯೇ? ಮೂರು ತಿಂಗಳಾದ್ದರಿಂದ ಇದನ್ನು ಒತ್ತಿ ಕೇಳಿ, ಎಕ್ಸ್‌ರೇ ಆಗಿದೆಯೋ ನೋಡಿ. ಸತ್ತ ಚರ್ಮ ತೆಗೆದು ಚೊಕ್ಕ ಮಾಡಿದ್ದಾರೆಯೇ?

ಕಲ್ಚರ್‌ಗೆ ಮಾದರಿ ಎಲ್ಲಿಂದ ತೆಗೆದರು ಎಂದೂ ಕೇಳಿ. ಹುಣ್ಣಿನ ಮೇಲ್ಮೈ ಒರೆಸಿದ ಹತ್ತಿಯಲ್ಲಿ ಸುಮ್ನೆ ಅಲ್ಲಿ ವಾಸ ಮಾಡುವ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ. ಆ ‘ಆರ್’ಗಳು ನಿಜವಾದ ಅಪರಾಧಿಯದ್ದೇ ಆಗಿರಬೇಕೆಂದಿಲ್ಲ. ಚೊಕ್ಕ ಮಾಡಿದ ಮೇಲೆ ಆಳದ ಮಾಂಸದ ಚೂರಿನಿಂದ ಮಾಡಿದ ಕಲ್ಚರ್ ಹೆಚ್ಚು ನಂಬಿಕೆಗೆ ಅರ್ಹ. ಇನ್ನೊಂದು ವಿಷಯ: ಕೀವು, ಕೆಂಪು, ಬಿಸಿ, ಊತ ಯಾವುದೂ ಇಲ್ಲದ ಹುಣ್ಣಿಗೆ, ಸೋಂಕು ಮೂಳೆಗೂ ಇಳಿದಿಲ್ಲವಾದರೆ, ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಕಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಭಾರ. ಅಂಗಾಲಿನ ಹುಣ್ಣಿನ ಮೇಲೆ ದಿನಕ್ಕೆ ಸಾವಿರ ಹೆಜ್ಜೆ ಬಿದ್ದರೆ ಯಾವ ಔಷಧವೂ ಅದನ್ನು ಮುಚ್ಚಲಾರದು. ಭಾರ ತಪ್ಪಿಸುವ ವಿಶೇಷ ಚಪ್ಪಲಿ, ಬೂಟು ಅಥವಾ ಕಾಲಿಗೆ ಹಾಕುವ ಪ್ಲಾಸ್ಟರ್ ಅಚ್ಚು ಇವೆ. ರಕ್ತದ ಹರಿವು ನೋಡಿಕೊಂಡು ಡಾಕ್ಟರು ಆರಿಸುತ್ತಾರೆ. ನಮ್ಮ ಕಡೆ ಗಂಡಸರನ್ನು ಮನೆಯಲ್ಲಿ ಕೂರಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನನ್ನ ದೊಡ್ಡಪ್ಪ ಕಾಲಿಗೆ ಬ್ಯಾಂಡೇಜ್ ಇದ್ದರೂ ‘ಒಂದು ಸುತ್ತು ಹಾಕಿ ಬತ್ತೆ’ ಎಂದು ಗದ್ದೆಗೆ ಹೋಗುತ್ತಿದ್ದರು. ಎರಡು ಬೆರಳು ಕಳೆದುಕೊಂಡರು. ಮಾವನವರಿಗೆ ಈ ಮಾತನ್ನು ಓದಿ ಹೇಳಿ. ಕಗ್ಗ ಭತ್ತದ ಕೊಯ್ಲನ್ನು ಈ ವರ್ಷ ಬೇರೆಯವರು ಮಾಡಲಿ.

ಕಾಲು ಕಪ್ಪಾದರೆ, ಕೆಂಪು ಮೇಲಕ್ಕೆ ಏರುತ್ತಿದ್ದರೆ, ದುರ್ವಾಸನೆ, ಚಳಿಜ್ವರ, ಮಂಕು ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಬೇರೆ ಯಾರಿಗಾದರೂ ಸಕ್ಕರೆ ಕಾಯಿಲೆ ಅಥವಾ ಲಿವರ್ ತೊಂದರೆ ಇದ್ದು, ಗಜನಿಯಲ್ಲಿ ಹೊಸ ಗಾಯವಾದರೆ ‘ಉಪ್ಪುನೀರಿನಲ್ಲಿ ಆದ ಗಾಯ’ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಅಳಿವೆಯ ನೀರಿನಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದರಲ್ಲಿ ಒಂದು ಜಾತಿ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು ತರಬಲ್ಲದು. ಅದಕ್ಕೆ ಕೊಡುವ ಔಷಧವೂ ಬೇರೆ.

ಇನ್ನು ಮಗನಿಗೆ ಒಂದು ಮಾತು. ಅವನ ಆಸಕ್ತಿ ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ಪಾಲಿಮರ್ ಜೋಡಿಸಿದ ಪೆಪ್ಟೈಡ್ ಬಗ್ಗೆ ಓದುವಾಗ ತೂಕದ ಲೆಕ್ಕಕ್ಕೆ ಮೋಸ ಹೋಗದಿರಲಿ. 2500 ಅಣುತೂಕದ ಪೆಪ್ಟೈಡ್‌ಗೆ 5000 ಅಣುತೂಕದ ಪಾಲಿಮರ್ ಕೂರಿಸಿದರೆ, ಒಂದು ಗ್ರಾಮಿನಲ್ಲಿ ಪೆಪ್ಟೈಡ್ ಇರುವುದು ಮೂರನೇ ಒಂದು ಪಾಲು ಮಾತ್ರ. ಅಣುಗಳ ಎಣಿಕೆಯಲ್ಲಿ ಹೋಲಿಸಲಿ. ಜೋಡಣೆಯಾಗದೆ ಉಳಿದ ಬಿಡಿ ಪೆಪ್ಟೈಡನ್ನು ಪೂರ್ತಿ ತೊಳೆದು ತೆಗೆದಿದ್ದಾರಾ ಎಂದು ನೋಡಲಿ. ನಮಗೆ ಒಮ್ಮೆ ಭಾರೀ ಒಳ್ಳೆಯ ಫಲಿತಾಂಶ ಬಂದಿತ್ತು. ಮತ್ತೆ ಮೂರು ದಿನ ಸೋಸುಚೀಲದಲ್ಲಿಟ್ಟು ನೀರು ಬದಲಿಸಿ ನೋಡಿದರೆ, ಅಷ್ಟೂ ದಿನ ಬ್ಯಾಕ್ಟೀರಿಯಾ ಕೊಂದಿದ್ದು ಆ ಬಿಡಿ ಪೆಪ್ಟೈಡೇ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪೆಪ್ಟೈಡ್‌ನ ಗುಣವನ್ನು ಪಾಲಿಮರ್‌ನಲ್ಲೇ ತರುವ ಕೆಲಸ ವರ್ಷಗಳಿಂದ ನಡೆದಿದೆ. ಎಂ.ಎಸ್ಸಿ. ಮುಗಿದ ಮೇಲೆ ಅಂಥ ಕಡೆ ಅರ್ಜಿ ಹಾಕಲಿ. ಉಪ್ಪುನೀರಿನಲ್ಲೂ ಕೆಲಸ ಮಾಡುವ ಪೆಪ್ಟೈಡ್ ಬೇಕು ಎಂದು ಅಘನಾಶಿನಿ ದಂಡೆಯ ಹುಡುಗನಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಮುಂದಿನ ಡ್ರೆಸ್ಸಿಂಗ್ ದಿನ ಹೋಗುವಾಗ ಹಳೆಯ ಕಲ್ಚರ್ ರಿಪೋರ್ಟ್, ಕ್ರಿಯಾಟಿನಿನ್ ರಿಪೋರ್ಟ್, ಮೂರು ತಿಂಗಳ ಸರಾಸರಿ ಸಕ್ಕರೆಯ ರಿಪೋರ್ಟ್ ಮೂರನ್ನೂ ಜೊತೆಗೆ ಒಯ್ಯಿರಿ. ಮಾವನವರ ಇನ್ನೊಂದು ಕಾಲನ್ನೂ ಬಿಚ್ಚಿ ತೋರಿಸಿ. ಬೆರಳುಗಳ ಸಂದಿಯನ್ನೂ ನೋಡಿಸಿ.